ಮಾವನವರ ಉಸಿರಿನ ಗುಳಿಗೆ

ನಾನು ನಾಲತವಾಡದಿಂದ ಮದುವೆಯಾಗಿ ಸಿಂದಗಿಯ ಆಚೆಗಿನ ಒಂದು ಊರಿಗೆ ಬಂದಾಗ ಆ ಮನೆಯಲ್ಲಿ ಎಲ್ಲರೂ ಹೆದರುತ್ತಿದ್ದದ್ದು ನಮ್ಮ ಮಾವನವರಿಗೆ. ಅವರು ಯಾರನ್ನೂ ಬೈದವರಲ್ಲ, ಯಾರ ಮೇಲೂ ಕೈ ಎತ್ತಿದವರಲ್ಲ. ಮಾತಾಡುತ್ತಿರಲಿಲ್ಲ, ಅಷ್ಟೆ. ಬೆಳಿಗ್ಗೆ ಪಡಸಾಲೆಯ ಕಂಬಕ್ಕೆ ಬೆನ್ನು ಕೊಟ್ಟು ಕೂತರೆಂದರೆ ಸಂಜೆಯವರೆಗೆ ಅವರ ಬಾಯಿಂದ ಬರುತ್ತಿದ್ದದ್ದು ಬೆರಳೆಣಿಕೆಯ ಮಾತು. ‘ನೀರು’ ಅನ್ನುವರು. ‘ಎತ್ತು’ ಅನ್ನುವರು. ಎತ್ತಿಗೆ ಮೇವು ಹಾಕಬೇಕೋ, ನೀರು ಕುಡಿಸಬೇಕೋ, ಹೊಲಕ್ಕೆ ಹೊಡೆಯಬೇಕೋ ಎಂಬುದನ್ನು ಅವರ ಹುಬ್ಬು ನೋಡಿ ತಿಳಿದುಕೊಳ್ಳಬೇಕು. ನಮ್ಮ ಅತ್ತೆಯವರಿಗೆ ಆ ಹುಬ್ಬಿನ ಓದು ಚೆನ್ನಾಗಿ ಬರುತ್ತಿತ್ತು. ನಾನು ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾದವಳು. ಆದರೂ ಆ ಎರಡು ಹುಬ್ಬು ಓದಲು ನನಗೆ ವರ್ಷವೇ ಹಿಡಿಯಿತು.

ಊರಿನ ಜಗಳಗಳು ಕಟ್ಟೆಯ ಮೇಲೆ ಅವರ ಮುಂದೆ ನ್ಯಾಯಕ್ಕೆ ಬರುತ್ತಿದ್ದವು. ಬದುವಿನ ಜಗಳ, ಬಾವಿಯ ಪಾಳಿ, ತೊಗರಿ ಹೊಲಕ್ಕೆ ನುಗ್ಗಿದ ಎಮ್ಮೆ, ಅಣ್ಣತಮ್ಮಂದಿರ ಪಾಲು. ಎರಡೂ ಕಡೆಯವರು ಗಂಟಲು ಹರಿಯುವ ಹಾಗೆ ಕೂಗಾಡಿ ಸುಸ್ತಾದ ಮೇಲೆ ಮಾವನವರು ಕಣ್ಣು ಮುಚ್ಚಿ ಒಂದು ದೀರ್ಘವಾದ ಉಸಿರು ಎಳೆದುಕೊಳ್ಳುತ್ತಿದ್ದರು. ಕಟ್ಟೆಯ ಮೇಲಿನ ಮಂದಿಯೆಲ್ಲ ತಮ್ಮ ಉಸಿರು ಬಿಗಿಹಿಡಿಯುತ್ತಿದ್ದರು. ಆಮೇಲೆ ಅವರು ಒಂದು ಮಾತು ಅನ್ನುತ್ತಿದ್ದರು. ‘ಕೊಡು.’ ಅಥವಾ ‘ಮಾರ್ರಿ.’ ಅಷ್ಟಕ್ಕೆ ನ್ಯಾಯ ಮುಗಿಯಿತು. ಮಂದಿ ಕಾಲಿಗೆ ಬಿದ್ದು ಎದ್ದು ಹೋಗುತ್ತಿದ್ದರು. ಇಂಡಿ ಕಡೆಯಿಂದಲೂ ಚಕ್ಕಡಿ ಕಟ್ಟಿಕೊಂಡು ಬಂದವರುಂಟು. ಬೇರೆ ಊರಿನ ಹಿರಿಯರು ಒಂದು ತಾಸು ಮಾತಾಡಿಯೂ ಕೆಡಿಸುವುದನ್ನು ಇವರು ಒಂದೇ ಮಾತಿನಲ್ಲಿ ಬಗೆಹರಿಸುತ್ತಾರೆ ಎಂದು ಹೆಸರು.

ಅವರಿಗೆ ಸಣ್ಣ ವಯಸ್ಸಿನಿಂದಲೂ ದಮ್ಮು ಇತ್ತು. ಅದು ಎಲ್ಲರಿಗೂ ಗೊತ್ತಿತ್ತು. ಜೋಳದ ರಾಶಿ ಮಾಡುವಾಗ, ತೊಗರಿ ಹೊಟ್ಟು ತೂರುವಾಗ ಅವರ ಎದೆಯೊಳಗೆ ಯಾರೋ ಹರಿದ ಪಿಪಾಣಿ ಊದಿದಂತೆ ಕೇಳುತ್ತಿತ್ತು. ಆದರೆ ದಮ್ಮು ಬೇರೆ, ಗಾಂಭೀರ್ಯ ಬೇರೆ ಎಂದೇ ಊರು ತಿಳಿದಿತ್ತು. ಒಂದು ದೇವರು ಕೊಟ್ಟ ರೋಗ, ಇನ್ನೊಂದು ದೇವರು ಕೊಟ್ಟ ಗುಣ. ಇವೆರಡೂ ಒಂದೇ ಇರಬಹುದು ಎಂದು ಯಾರಿಗೂ ಹೊಳೆದಿರಲಿಲ್ಲ.

ಆ ವರ್ಷ, ಅರವತ್ತರ ದಶಕ ಶುರುವಾದ ಕಾಲ, ರಾಶಿಯ ಹೊತ್ತಿನಲ್ಲಿ ದಮ್ಮು ಎಷ್ಟು ಜೋರಾಯಿತೆಂದರೆ ಮಾವನವರ ತುಟಿ ಜಾಂಬಳ ಹಣ್ಣಿನ ಕಪ್ಪುನೀಲಿ ಬಣ್ಣಕ್ಕೆ ತಿರುಗಿತು. ಚಕ್ಕಡಿಯಲ್ಲಿ ಹಾಸಿಗೆ ಹಾಸಿ ಸಿಂದಗಿಗೆ ಕರೆದುಕೊಂಡು ಹೋದೆವು. ನಮ್ಮ ಮನೆಯವರು ಎತ್ತು ಹೊಡೆದರು, ಅತ್ತೆಯವರು ಮಾವನವರ ತಲೆಯನ್ನು ತೊಡೆಯ ಮೇಲೆ ಹಿಡಿದುಕೊಂಡರು. ಡಾಕ್ಟರು ಹೇಳಿದ್ದನ್ನು ತಿಳಿದುಕೊಳ್ಳಲು ಓದು ಬಂದವರು ಒಬ್ಬರಿರಲಿ ಎಂದು ನನ್ನನ್ನೂ ಹತ್ತಿಸಿಕೊಂಡರು.

ಡಾಕ್ಟರು ಸಿಂದಗಿಯಲ್ಲೇ ಹುಟ್ಟಿ ಬೆಳೆದ ಹಳೆಯ ಮುಸಲ್ಮಾನ ಮನೆತನದವರು. ಮಂದಿ ಅವರನ್ನು ಡಾಕ್ಟರ್ ಸಾಹೇಬ್ರು ಅನ್ನುತ್ತಿದ್ದರು. ಸೂಜಿ ಹಾಕಿ, ಮಾವನವರ ತುಟಿಯ ಬಣ್ಣ ಮರಳುವವರೆಗೆ ಬಗಲಲ್ಲೇ ಕೂತು, ಆಮೇಲೆ ನಮ್ಮನ್ನು ಹೊರಗೆ ಕರೆದರು. ಹೊಸದೊಂದು ಗುಳಿಗೆ ಬಂದಿದೆ, ಸೊಲ್ಲಾಪುರದಿಂದ ತರಿಸಬೇಕು, ದಿನಾ ತೆಗೆದುಕೊಂಡರೆ ಎದೆ ಹಗುರಾಗುತ್ತದೆ ಎಂದರು. ಆದರೆ ಅದು ಬರೀ ಎದೆಗೆ ಹೋಗುವ ಗುಳಿಗೆಯಲ್ಲ, ಮೈಯ ತುಂಬ ತಿರುಗಾಡುತ್ತದೆ. ವಿಪರೀತ ಹಸಿವಾಗುತ್ತದೆ. ಮುಖ ಬಾತು ದುಂಡಗಾಗುತ್ತದೆ. ನಿದ್ದೆ ಕಡಿಮೆಯಾಗುತ್ತದೆ. ಬಹಳ ದಿನ ತಗೊಂಡರೆ ಎಲುಬು ಸವೆಯುತ್ತವೆ. ಕೆಲವರಿಗೆ ಕಾರಣವಿಲ್ಲದೆ ಬಹಳ ಖುಷಿಯಾಗುತ್ತದೆ. ಮತ್ತೆ, ಒಮ್ಮೆ ಶುರು ಮಾಡಿದ ಮೇಲೆ ತಟ್ಟನೆ ಬಿಡುವ ಹಾಗಿಲ್ಲ, ಬಿಟ್ಟರೆ ಮನುಷ್ಯ ಕುಸಿದುಬೀಳುತ್ತಾನೆ.

ಇಷ್ಟು ಹೇಳಿ ಎರಡೂ ಅಂಗೈ ಮುಂದೆ ಚಾಚಿ ತಕ್ಕಡಿಯ ಹಾಗೆ ಹಿಡಿದರು. “ನೋಡ್ರಿ ಯವ್ವಾ, ಈ ಕೈಯಾಗ ಉಸುರ ಐತಿ. ಈ ಕೈಯಾಗ ಉಳಿದಿದ್ದೆಲ್ಲಾ ಐತಿ. ಯಾವುದು ಭಾರ ಅನ್ನೂದು ನೀವ ಹೇಳಬೇಕು.”

ಅತ್ತೆಯವರು ಆ ಕೈ ನೋಡಿದರು, ಈ ಕೈ ನೋಡಿದರು. “ಉಸುರ ಇಲ್ಲಂದ್ರ ಆ ಕೈಯಾಗಿಂದು ಯಾರಿಗೆ ಬರ್ತೈತ್ರಿ, ಸಾಹೇಬ್ರ?” ಎಂದರು.

ಡಾಕ್ಟರು ಕೈ ಇಳಿಸಿದರು. ಗುಳಿಗೆಯ ಲೆಕ್ಕವನ್ನು ನನಗೆ ಹೇಳಿಕೊಟ್ಟರು. ಮರಳಿ ಬರುವಾಗ ಚಕ್ಕಡಿಯಲ್ಲಿ ಅತ್ತೆಯವರು ಪಿಸುಮಾತಿನಲ್ಲಿ, ಬಾವು ಹಸಿವು ಎಲ್ಲ ಖರೆ ಇರಬಹುದು, ಆದರೆ ಆ ಖುಷಿಯ ಮಾತನ್ನು ನಮಗೆ ಸಮಾಧಾನವಾಗಲಿ ಅಂತ ಹೇಳಿರಬೇಕು ಎಂದರು. ಈ ಮನುಷ್ಯನಿಗೆ ಖುಷಿಯಾಗುವ ಗುಳಿಗೆಯನ್ನು ಇನ್ನೂ ಯಾರೂ ಮಾಡಿರಲಿಕ್ಕಿಲ್ಲ ಎಂದು ಅವರ ನಂಬಿಕೆ.

ಗುಳಿಗೆ ಶುರುವಾಗಿ ಒಂದು ವಾರವೂ ಆಗಿರಲಿಲ್ಲ. ಮಧ್ಯಾಹ್ನ ಊಟಕ್ಕೆ ಕೂತ ಮಾವನವರು ರೊಟ್ಟಿ ಮುರಿದು ಬೇಳೆಯಲ್ಲಿ ಅದ್ದಿ ಬಾಯಿಗಿಟ್ಟು, ತಲೆಯೆತ್ತಿ, “ಈ ಬ್ಯಾಳಿಗೆ ಇನ್ನೊಂದ್ ಚೂರು ಹುಣಸಿಹಣ್ಣು ಬಿದ್ದಿದ್ರ ಭಾಳ ಛಲೋ ಆಗ್ತಿತ್ತು, ಆದ್ರ ಇರಲಿ, ಬಳ್ಳೊಳ್ಳಿ ಒಗ್ಗರಣಿ ಮಾತ್ರ ಪಾಡ ಆಗೇತಿ ನೋಡು” ಎಂದರು.

ಅತ್ತೆಯವರು ಕೈಯಲ್ಲಿನ ಸೌಟು ಬಿಟ್ಟರು. ಹೊರಗಿನಿಂದ ಯಾರೋ ಗಂಡಸು ಒಳಗೆ ಬಂದಿದ್ದಾನೆಂದು ತಿಳಿದು ಅವರು ಸೆರಗು ಎಳೆದುಕೊಂಡದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಇಷ್ಟು ವರ್ಷದ ಸಂಸಾರದಲ್ಲಿ ಗಂಡನ ಬಾಯಿಂದ ‘ಆದ್ರ’ ಎಂಬ ಮಾತನ್ನು ಅವರು ಕೇಳಿರಲೇ ಇಲ್ಲವಂತೆ.

ಆಮೇಲೆ ಮಾತು ನಿಲ್ಲಲಿಲ್ಲ. ಮಾವನವರು ಹಾಸಿಗೆಯಿಂದ ಏಳುತ್ತಲೇ ಮಾತಾಡುತ್ತಿದ್ದರು, ಮುಖ ತೊಳೆಯುತ್ತ ಮಾತಾಡುತ್ತಿದ್ದರು, ಎತ್ತಿನ ಜೊತೆ ಮಾತಾಡುತ್ತಿದ್ದರು. ತಮ್ಮ ಸಣ್ಣಂದಿನ ಕತೆ, ಸತ್ತುಹೋದ ಸೋದರತ್ತೆಯ ಅಡುಗೆ, ಯಾವ ಊರಿನ ಬಾವಿಯ ನೀರು ಸಿಹಿ, ಯಾವ ಊರಿನ ಮಂದಿ ಹುಳಿ. ಹಸಿವೂ ಹಾಗೆಯೇ. ರೊಟ್ಟಿ ಬುಟ್ಟಿಯಲ್ಲಿ ಉಳಿಯುತ್ತಿರಲಿಲ್ಲ. ಉಂಡು ಕೈ ತೊಳೆಯುವಾಗಲೇ ಸಂಜೆಗೆ ಏನು ಎಂದು ಕೇಳುವರು. ಶೇಂಗಾ ಹೋಳಿಗೆಯನ್ನು ಹಬ್ಬಕ್ಕೆ ಮಾತ್ರ ಯಾಕೆ ಮಾಡಬೇಕು ಎಂದು ಕೇಳುವರು. ಒಂದೆರಡು ತಿಂಗಳಲ್ಲಿ ಅವರ ಕೊರಕಲು ಮುಖ ಹುಣ್ಣಿಮೆಯ ಚಂದ್ರನಂತಾಯಿತು. ಕೆನ್ನೆ ಮೇಲೇರಿ ಕಣ್ಣು ಸಣ್ಣಗಾಗಿ, ಸುಮ್ಮನಿದ್ದಾಗಲೂ ನಗುತ್ತಿರುವ ಹಾಗೆ ಕಾಣುತ್ತಿದ್ದರು. ಹುಬ್ಬು ಮಾತ್ರ ಎಲ್ಲೋ ಹೋಗಿಬಿಟ್ಟವು. ಅತ್ತೆಯವರ ಅಷ್ಟು ವರ್ಷದ ಓದು ನೀರುಪಾಲಾಯಿತು.

ಊರವರು ಆ ದುಂಡು ಮುಖವನ್ನು ನೋಡಿ ಸೊಸೆಯ ಕಾಲ್ಗುಣ ಎಂದರು. ನಾಲತವಾಡದ ಕಡೆಯ ಹುಡುಗಿಯರ ಕೈಗುಣವೇ ಬೇರೆ ಎಂದರು. ನನ್ನ ತವರಿನ ಕಡೆಗೆ ಹೆಣ್ಣು ಕೇಳಿಕೊಂಡು ಎರಡು ಮನೆಯವರು ಹೋಗಿ ಬಂದರು. ಅದು ಬಾವು, ಗುಳಿಗೆಯಿಂದ ಬಂದದ್ದು ಎಂದು ನಾನು ಹೇಳಿದರೆ ಸೊಸೆ ಎಷ್ಟು ವಿನಯದವಳು ಎಂದು ಅದಕ್ಕೂ ಹೊಗಳಿದರು.

ಇಲ್ಲಿಯವರೆಗೆ ಎಲ್ಲ ಸುಖವೇ. ತೊಂದರೆ ಶುರುವಾದದ್ದು ನ್ಯಾಯದ ವಿಷಯದಲ್ಲಿ.

ನಮ್ಮ ಓಣಿಯಲ್ಲಿ ಇಬ್ಬರು ಅಣ್ಣತಮ್ಮಂದಿರಿದ್ದರು. ಹಲವು ವರ್ಷಗಳ ಹಿಂದೆ ಅವರು ಹಿರಿಯರ ಮನೆಯ ಅಂಗಳದ ಸಲುವಾಗಿ ಜಗಳ ತೆಗೆದು ಮಾವನವರ ಮುಂದೆ ಬಂದಿದ್ದರು. ಮಾವನವರು ಉಸಿರೆಳೆದು, ‘ಗ್ವಾಡಿ ಕಟ್ಟ್ರಿ’ ಎಂದಿದ್ದರು. ಅವರು ಅಂಗಳದ ನಡುವೆ ಆಳೆತ್ತರದ ಗೋಡೆ ಕಟ್ಟಿದರು. ಅಣ್ಣನ ಪಾಲಿಗೆ ಬಾವಿ ಬಂತು, ತಮ್ಮನ ಪಾಲಿಗೆ ಬೇವಿನ ಮರ. ಅವರ ತಾಯಿ ಒಂದು ತಿಂಗಳು ಆ ಕಡೆ, ಒಂದು ತಿಂಗಳು ಈ ಕಡೆ ಇರುತ್ತಿದ್ದಳು. ಒಂದೇ ಮಾತಿನ ತೀರ್ಪು ಎಂದರೆ ಊರಿನವರು ಮೊದಲು ತೋರಿಸುತ್ತಿದ್ದದ್ದೇ ಆ ಗೋಡೆಯನ್ನು.

ಒಂದು ದಿನ ತಮ್ಮನು ಬೇರೆ ಏನೋ ಕೆಲಸಕ್ಕೆ ನಮ್ಮ ಮನೆಗೆ ಬಂದವನು ಪಡಸಾಲೆಯಲ್ಲಿ ಕೂತಿದ್ದ. ಮಾವನವರು ಎಂದಿನಂತೆ ಮಾತಿನ ಮೇಲೆ ಮಾತು ಜೋಡಿಸುತ್ತ, ನಿಮ್ಮ ತಾಯಿ ಹೇಗಿದ್ದಾಳೆ, ಆ ಹಾಳು ಗೋಡೆ ಇನ್ನೂ ನಿಂತಿದೆಯೇ ಎಂದು ಕೇಳಿದರು. ನೀವೇ ಹೇಳಿದ್ದಿರಿ ಎಂದ ತಮ್ಮ. ಮಾವನವರು ರೊಟ್ಟಿ ಅಗಿಯುವುದನ್ನು ನಿಲ್ಲಿಸಿದರು.

“ನಾ ಹೇಳಿದ್ದು ಅದಲ್ಲೋ. ಗ್ವಾಡಿ ಕಟ್ಟ್ರಿ ಅಂತ ನಾ ಎಂದೂ ಹೇಳಂಗಿಲ್ಲ, ಒಂದ ತಾಯಿ ಮಕ್ಕಳು ನೀವು, ಹೊಂದಿಕೊಂಡು ಇರ್ರಿ ಅನ್ನಾಂವ ಇದ್ದೆ. ಗ್ವಾಡಿ ಕಟ್ಟ್ರಿ ಅನ್ನೂದ್ರಾಗ ದಮ್ಮು ಹತ್ತಿತು.”

ತಮ್ಮ, ಮತ್ತೆ ಯಾಕೆ ಹೇಳಲಿಲ್ಲ ಎಂದು ಕೇಳಿದ. ಉಸಿರು ಮರಳಿ ಬರುವಷ್ಟರಲ್ಲಿ ನೀವು ಕಾಲಿಗೆ ಬಿದ್ದು ಹೋಗಿಬಿಟ್ಟಿದ್ದಿರಿ, ಮರುದಿನ ನೋಡಿದರೆ ಕಲ್ಲು ಬಂದು ಬಿದ್ದಿದ್ದವು, ಕಲ್ಲು ಬಂದ ಮೇಲೆ ನಾನೇನು ಹೇಳಲಿ ಎಂದು ಮಾವನವರು ಅಂದರು. ಮೇಲೆ, ಎಲ್ಲರೂ ಎಂಥ ತೀರ್ಪು ಎಂದು ಹೊಗಳುತ್ತಿದ್ದರು. ಇಷ್ಟು ಮಂದಿ ಅಂದ ಮೇಲೆ ಅದೇ ಸರಿ ಇರಬಹುದು ಎಂದು ಅವರಿಗೂ ಅನ್ನಿಸಿತ್ತಂತೆ.

ಸಂಜೆಯೊಳಗೆ ಈ ಸುದ್ದಿ ಊರ ತುಂಬ ಹರಡಿತು. ನಮ್ಮ ಮಾತಿನಲ್ಲಿ ಬೇಡ, ಅಲ್ಲ, ಇಲ್ಲ ಎಂಬುವೆಲ್ಲ ಕೊನೆಗೆ ಬರುತ್ತವೆ. ‘ಮಾರು ಅಂತ ಹೇಳಂಗಿಲ್ಲ’ ಎನ್ನಬೇಕಾದವನಿಗೆ ನಡುವೆ ಉಸಿರು ನಿಂತರೆ ಉಳಿಯುವುದು ‘ಮಾರು’ ಮಾತ್ರ. ಹಾಗಾದರೆ ಇಷ್ಟು ವರ್ಷ ಕೊಟ್ಟ ತೀರ್ಪುಗಳಲ್ಲಿ ಪೂರ್ತಿಯಾದವು ಯಾವುವು, ಅರ್ಧಕ್ಕೆ ನಿಂತವು ಯಾವುವು? ‘ಬ್ಯಾಡ’ ಎನ್ನಿಸಿಕೊಂಡವರು ನಿಶ್ಚಿಂತೆಯಿಂದಿದ್ದರು, ಅವರ ತೀರ್ಪು ಬಾಲದವರೆಗೂ ಬಂದಿತ್ತು. ‘ಕೊಡು’, ‘ಮಾಡು’, ‘ಹೋಗು’ ಎನ್ನಿಸಿಕೊಂಡು ಹೊಲ, ಎಮ್ಮೆ, ಬಾವಿ ದಕ್ಕಿಸಿಕೊಂಡವರು ತಮ್ಮ ಹಳೆಯ ತೀರ್ಪನ್ನು ಮತ್ತೆ ಮತ್ತೆ ಹೇಳಿಕೊಂಡು ನೋಡತೊಡಗಿದರು.

ಮರುದಿನದಿಂದ ನಮ್ಮ ಪಡಸಾಲೆ ತುಂಬಿತು. ಹಳೆಯ ತೀರ್ಪುಗಳನ್ನು ಒಬ್ಬೊಬ್ಬರಾಗಿ ತಂದು, ಇದು ಮುಗಿದ ಮಾತೇ, ಮುಗಿಯದ್ದೇ ಎಂದು ಕೇಳತೊಡಗಿದರು. ಮಾವನವರು ಪ್ರಾಮಾಣಿಕ ಮನುಷ್ಯ. ನೆನಪಿದ್ದರೆ ಇದ್ದ ಹಾಗೆ ಹೇಳುತ್ತಿದ್ದರು, ಇಲ್ಲದಿದ್ದರೆ ನೆನಪಿಲ್ಲ ಎನ್ನುತ್ತಿದ್ದರು, ಎರಡಕ್ಕೂ ಒಂದೊಂದು ತಾಸು ಹಿಡಿಯುತ್ತಿತ್ತು. ಬಂದವರು ಊಟದ ಹೊತ್ತಿಗೂ ಏಳುತ್ತಿರಲಿಲ್ಲ. ನಾನೂ ಅತ್ತೆಯವರೂ ರೊಟ್ಟಿ ಬಡಿದು ಬಡಿದು ರಟ್ಟೆ ಬೀಳಿಸಿಕೊಂಡೆವು.

ಕುರಿ ಕಾಯುವ ಒಬ್ಬ ಹಿರಿಯ ಬಂದಿದ್ದ. ಅವನ ಮಗಳನ್ನು ಬಸವನ ಬಾಗೇವಾಡಿಗೆ ಕೊಡಲೋ ಬೇಡವೋ ಎಂದು ಹಿಂದೊಮ್ಮೆ ಕೇಳಿದ್ದಕ್ಕೆ ಮಾವನವರು ‘ಕೊಡು’ ಎಂದಿದ್ದರಂತೆ. ಈಗ ನೆನಪಿಸಿಕೊಂಡು, ಕೊಡು ಎಂದು ಹೇಗೆ ಹೇಳಲಿ, ಹುಡುಗನನ್ನು ನಾನು ನೋಡಿಯೇ ಇಲ್ಲ ಎಂದು ಹೇಳುವವನಿದ್ದೆ ಎಂದರು. ಆ ಮುದುಕ ತಲೆಗೆ ಕೈ ಹಚ್ಚಿ ಕೂತ. ಮಗಳಿಗೆ ಆಗಲೇ ಮಕ್ಕಳಾಗಿದ್ದವು, ಗಂಡ ಒಳ್ಳೆಯವನಿದ್ದ, ಬೇನೆ ಬೇಸರಿಕೆ ಏನೂ ಇರಲಿಲ್ಲ. ಆದರೂ ತೀರ್ಪಿಲ್ಲದೆ ಆದ ಮದುವೆ ಎಂದು ಅವನಿಗೆ ಕಳವಳ. ಬಾಗೇವಾಡಿಗೆ ಹೋಗಿ ಮಗಳಿಗೆ ಎಲ್ಲ ಹೇಳಿದ. ಅವಳು ಅಪ್ಪನಿಗೆ ಹೊಟ್ಟೆ ತುಂಬ ಉಣಿಸಿ, ಆ ಹಿರಿಯರಿಗೆ ಉಳಿದ ಮಾತನ್ನು ಅವರ ಹತ್ತಿರವೇ ಇಟ್ಟುಕೊಳ್ಳಲು ಹೇಳು ಎಂದು ಕಳಿಸಿದಳಂತೆ.

ನನಗೂ ಒಂದು ಹೆದರಿಕೆ ಹುಟ್ಟಿತು. ನನ್ನನ್ನು ನೋಡಲು ನಾಲತವಾಡಕ್ಕೆ ಬಂದಾಗ ಮಾವನವರು ನಮ್ಮ ಪಡಸಾಲೆಯಲ್ಲಿ ಚಹಾ ಕುಡಿದು, ‘ಹುಡುಗಿ ಆದೀತು’ ಎಂದಿದ್ದರು. ಅಷ್ಟಕ್ಕೇ ನಮ್ಮ ಅಪ್ಪ ಸಕ್ಕರೆ ಹಂಚಿದ್ದ. ಅದು ಪೂರ್ತಿ ಮಾತೋ, ಅಥವಾ ‘ಹುಡುಗಿ ಆದೀತು ಅಂತ ಅನಸಂಗಿಲ್ಲ’ ಎನ್ನುವುದರಲ್ಲಿ ಉಸಿರು ಕೈಕೊಟ್ಟದ್ದೋ? ನನ್ನ ಹೊಟ್ಟೆಯಲ್ಲಿ ಆಗ ಮೂರು ತಿಂಗಳ ಕೂಸು. ಕೇಳಲಿಕ್ಕೆ ನಾಚಿಕೆ, ಕೇಳದಿದ್ದರೆ ನಿದ್ದೆ ಬರದು.

ಕೊನೆಗೊಂದು ದಿನ ಗುಳಿಗೆ ಕೊಡುವಾಗ ಕೇಳಿಯೇಬಿಟ್ಟೆ. ಮಾವನವರು ನೀರಿನ ತಂಬಿಗೆ ಕೆಳಗಿಟ್ಟರು. ಆ ದುಂಡು ಮುಖದಲ್ಲಿ ಏನಿದೆ ಎಂದು ತಿಳಿಯುವುದು ಕಷ್ಟ.

“ಇನ್ನೊಂದು ಮಾತು ಇತ್ತು ಯವ್ವಾ” ಎಂದರು. “ಹುಡುಗಿ ನಮ್ಮ ಮನಿಗೆ ಆದೀತು, ಆದ್ರ ನಮ್ಮ ಮನಿ ಆ ಹುಡುಗಿಗೆ ಆದೀತೇನು, ಆಕೀನ್ನ ಒಮ್ಮೆ ಕೇಳ್ರಿ ಅನ್ನಾಂವ ಇದ್ದೆ. ಅಷ್ಟ್ರಾಗ ನಿಮ್ಮಪ್ಪ ಸಕ್ಕರಿ ತಂದ.”

ಆಮೇಲೆ ಅವರು, “ಈಗ ಕೇಳ್ತೇನಿ. ಆತೇನು?” ಎಂದರು.

ನನ್ನ ಕೈಯೆಲ್ಲ ಜೋಳದ ಹಿಟ್ಟಾಗಿತ್ತು. ಅದನ್ನು ಕೊಡವಿಕೊಳ್ಳುತ್ತ, “ನೋಡ್ತೇನ್ರಿ, ಮಾವಾರ” ಎಂದು ಒಳಗೆ ಬಂದೆ. ಒಲೆಯ ಮುಂದೆ ಕೂತ ಮೇಲೆ ಅಳು ಬಂತು, ಹಿಂದೆಯೇ ನಗು ಬಂತು. ಅತ್ತೆಯವರು ನನ್ನನ್ನು ನೋಡಿ, ನಿನಗೂ ಆ ಗುಳಿಗೆ ಕೊಟ್ಟರೇನು ಎಂದು ಕೇಳಿದರು.

ಅಷ್ಟರಲ್ಲಿ ಊರು ಎರಡಾಗಿತ್ತು. ಗುಳಿಗೆ ನಡೆಯಬೇಕು ಎನ್ನುವವರು ಒಂದು ಕಡೆ, ನಿಲ್ಲಬೇಕು ಎನ್ನುವವರು ಇನ್ನೊಂದು ಕಡೆ. ಎಲ್ಲರಿಗೂ ಮಾವನವರ ಆರೋಗ್ಯದ್ದೇ ಚಿಂತೆ. ಗೋಡೆಯಿಂದ ಬಾವಿ ದಕ್ಕಿಸಿಕೊಂಡ ಅಣ್ಣನ ಹೆಂಡತಿ ಬಂದು, ಮುಖ ಎಷ್ಟು ಬಾತಿದೆ ನೋಡು, ಆ ಇಂಗ್ಲಿಷ್ ಔಷಧ ವಿಷ, ನಾನು ಆಡುಸೋಗೆ ಕಷಾಯ ತಂದಿದ್ದೇನೆ ಎನ್ನುವಳು. ಅವಳು ಹೋಗುತ್ತಲೇ ಬಾವಿ ಕಳೆದುಕೊಂಡ ತಮ್ಮನ ಹೆಂಡತಿ ಬಿಸಿ ಹೋಳಿಗೆ ಹಿಡಿದುಕೊಂಡು ಬಂದು, ಈ ಹೊತ್ತಿನ ಗುಳಿಗೆ ಆಯಿತೇ, ಮರೆಯಬೇಡ ನಮ್ಮವ್ವಾ ಎನ್ನುವಳು. ಗುಳಿಗೆ ಕೊಡುವವಳು ನಾನಾದ್ದರಿಂದ, ಬಂದು ಎರಡು ವರ್ಷವೂ ತುಂಬದ ಸೊಸೆಗೆ ಊರಿನಲ್ಲಿ ಇಲ್ಲದ ಮರ್ಯಾದೆ. ಕಷಾಯವನ್ನು ಎಮ್ಮೆಯ ಗೋದಲಿಗೆ ಸುರಿಯುತ್ತಿದ್ದೆ. ಹೋಳಿಗೆ ಮಾವನವರ ಹೊಟ್ಟೆಗೆ ಹೋಗುತ್ತಿತ್ತು.

ಎರಡೂ ಕಡೆಯವರು ಸಿಂದಗಿಗೂ ಹೋದರು. ಮೊದಲು ಒಂದು ಚಕ್ಕಡಿಯ ತುಂಬ ಜನ ಹೋಗಿ, ಗುಳಿಗೆಯಿಂದ ಹಿರಿಯರ ಬುದ್ಧಿ ಕೆಟ್ಟಿದೆ, ಹೇಳಿದ ಮಾತನ್ನೇ ಹೇಳಿಲ್ಲ ಎನ್ನುತ್ತಾರೆ, ನಿಲ್ಲಿಸಿರಿ ಎಂದು ಡಾಕ್ಟರಿಗೆ ಕೈಮುಗಿದರು. ಅವರ ಹಿಂದೆಯೇ ಇನ್ನೊಂದು ಚಕ್ಕಡಿ ಹೋಗಿ, ಗುಳಿಗೆಯಿಂದಲೇ ಬುದ್ಧಿ ಬಂದಿದೆ, ಇನ್ನೂ ಒಂದು ಹೆಚ್ಚು ಮಾಡಿರಿ ಎಂದು ಕೇಳಿತು. ಮುಂದಿನ ಸಲ ಔಷಧಕ್ಕೆ ಹೋದಾಗ ಡಾಕ್ಟರು ನನ್ನನ್ನು ಕೂರಿಸಿಕೊಂಡು ಎಲ್ಲ ಕೇಳಿದರು. ಕೇಳಿ ಕೇಳಿ ಕನ್ನಡಕ ತೆಗೆದು ಒರೆಸಿದರು.

“ತಂಗಿ, ನಾ ಗುಳಿಗಿ ಕೊಟ್ಟಿದ್ದು ಒಬ್ಬ ಮನಷಾಗ” ಎಂದರು. “ಬ್ಯಾನಿ ಬಂದಿದ್ದು ಊರಿಗೆಲ್ಲಾ.”

ಅತ್ತೆಯವರೂ ಅಂದು ನನ್ನ ಜೊತೆ ಬಂದಿದ್ದರು. ಅವರದು ಯಾವ ಪಕ್ಷವೂ ಅಲ್ಲ. ಉಸಿರು ಬರುವ ಆದರೆ ಮಾತು ಬರದ ಗುಳಿಗೆ ಏನಾದರೂ ಇದೆಯೇ ಎಂದು ಅವರು ಡಾಕ್ಟರನ್ನು ಬಹಳ ವಿನಯದಿಂದ ಕೇಳಿದರು. ಮಾವನವರು ಬೆಳಗಾಗುವ ಮುಂಚೆಯೇ ಎದ್ದು ಅತ್ತೆಯವರನ್ನೂ ಎಬ್ಬಿಸಿ ಕತೆ ಹೇಳುತ್ತಿದ್ದರು. ಹಿಂದೆ ಅವರು ಈ ಮನುಷ್ಯ ಒಂದು ಮಾತಾಡಲಿ ಎಂದು ದೇವರಿಗೆ ಹರಕೆ ಹೊತ್ತವರು. ಆ ಹರಕೆಯನ್ನು ತೀರಿಸಬೇಕೋ, ವಾಪಸು ಪಡೆಯಬೇಕೋ ತಿಳಿಯದೆ ಒದ್ದಾಡುತ್ತಿದ್ದರು. ಅಂಥ ಗುಳಿಗೆ ಇಲ್ಲ, ಉಸಿರೂ ಮಾತೂ ಒಂದೇ ದಾರಿಯಿಂದ ಬರುತ್ತವೆ ಎಂದು ಡಾಕ್ಟರು ಹೇಳಿದರು.

ಹೀಗೇ ಒಂದು ವರ್ಷದ ಮೇಲಾಯಿತು. ನನಗೆ ಹೆಣ್ಣು ಮಗುವಾಗಿ, ತವರಿನ ಬಾಣಂತನ ಮುಗಿಸಿ ಮರಳಿ ಬಂದಿದ್ದೆ. ಗೋಡೆಯ ಜಗಳ ಮಾತ್ರ ಮುಗಿದಿರಲಿಲ್ಲ. ಹೇಳಿದ್ದು ಗೋಡೆ ಕಟ್ಟಿರಿ ಎಂದು, ಹೇಳಬೇಕೆಂದಿದ್ದದ್ದು ಎದೆಯಲ್ಲಿದ್ದರೆ ನನಗೇನು ಎಂದು ಅಣ್ಣ ಪಟ್ಟು ಹಿಡಿದಿದ್ದ. ಕೊನೆಗೆ ಅವರ ತಾಯಿಯೇ, ಈ ತಿಂಗಳು ಎರಡೂ ಕಡೆ ಇರುವುದಿಲ್ಲ, ಗೋಡೆಯ ಮೇಲೆ ಕೂಡ್ರುತ್ತೇನೆ ಎಂದು ಹೇಳಿ ನಿಜವಾಗಿಯೂ ಏಣಿ ಕೇಳಿದಳು. ಆಗ ಅಣ್ಣ ಸ್ವಲ್ಪ ಬಾಗಿದ. ಗೋಡೆ ಕೆಡವುವುದು ಬೇಡ, ನಡುವೆ ಒಂದು ಬಾಗಿಲು ತೆಗೆಯೋಣ ಎಂದ.

ಮೊದಲ ಪೆಟ್ಟು ಮಾವನವರೇ ಹಾಕಬೇಕೆಂದು ಎಲ್ಲರೂ ಅಂದರು. ಮಾವನವರು ತಲೆಗೆ ಬಿಳಿ ಪಟಕಾ ಸುತ್ತಿಕೊಂಡು, ಗುದ್ದಲಿ ಹಿಡಿದು, ಹೊಡೆಯುವ ಮುಂಚೆ ಬಹಳ ಹೊತ್ತು ಮಾತಾಡಿದರು. ಅವರ ಜೀವನದ ಅತ್ಯಂತ ದೊಡ್ಡ ಮಾತು ಅದೇ ಇರಬೇಕು. ಇಷ್ಟು ವರ್ಷ ಅರ್ಧ ಮಾತಿಗೆ ಪೂರ್ತಿ ಮರ್ಯಾದೆ ತಗೊಂಡದ್ದಕ್ಕೆ ಅವರು ಊರವರ ಮುಂದೆ ಕೈಮುಗಿದರು. ಆಮೇಲೆ ಗುದ್ದಲಿ ಎತ್ತಿ ಬಲವಾಗಿ ಹೊಡೆದರು. ಗೋಡೆಗೆ ಏನೂ ಆಗಲಿಲ್ಲ. ಮಾವನವರ ಮಣಿಕಟ್ಟು ಕಟಕ್ ಎಂದಿತು.

ಆ ಸದ್ದು ನನಗೆ ಕೇಳಿಸಿತು. ಡಾಕ್ಟರು ಚಾಚಿ ತೋರಿಸಿದ್ದ ಎರಡನೆಯ ಕೈ ತಟ್ಟನೆ ಕಣ್ಣ ಮುಂದೆ ಬಂತು. ಇಷ್ಟು ದಿನ ಹಸಿವು, ಬಾವು, ಮಾತು ಎಂದು ನಗುತ್ತ ಕಳೆದಿದ್ದೆವು. ಎಲುಬಿನ ಮಾತನ್ನು ಎಲ್ಲರೂ ಮರೆತಿದ್ದೆವು. ಬಿಜಾಪುರಕ್ಕೆ ಹೋಗಿ ಪ್ಲಾಸ್ಟರ್ ಹಾಕಿಸಿಕೊಂಡು ಬರುವಾಗ ಮಾವನವರು ಬಸ್ಸಿನಲ್ಲಿ ಸಿಂದಗಿಯವರೆಗೂ ಸುಮ್ಮನಿದ್ದರು. ಅವರು ತಾವಾಗಿ ಸುಮ್ಮನಿದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಸಿಂದಗಿಯ ಡಾಕ್ಟರು ಈ ಸಲ ಅತ್ತೆಯವರನ್ನು ಕೇಳಲಿಲ್ಲ, ನೇರವಾಗಿ ಮಾವನವರನ್ನೇ ಕೇಳಿದರು. ಗುಳಿಗೆ ಹೀಗೇ ನಡೆದರೆ ಇಂದು ಕೈ, ನಾಳೆ ಬೆನ್ನು. ಕಡಿಮೆ ಮಾಡಿದರೆ ಎಲುಬು ಉಳಿಯುತ್ತವೆ, ಆದರೆ ದಮ್ಮು ಸ್ವಲ್ಪ ಮರಳಿ ಬರುತ್ತದೆ. ಮೊದಲಿನಷ್ಟು ಉಸಿರು ಸಿಗಲಿಕ್ಕಿಲ್ಲ. ಮಾವನವರು ಪ್ಲಾಸ್ಟರ್ ಹಾಕಿದ ಕೈಯನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡರು.

“ಒಂದು ಮಾತು ಶುರು ಮಾಡಿದ್ರ ಮುಗಸೂವಷ್ಟು ಉಸುರ ಇರಲಿ, ಸಾಹೇಬ್ರ” ಎಂದರು. “ಅದಕ್ಕಿಂತ ಹೆಚ್ಚಿಂದು ಬ್ಯಾಡ.”

ಒಂದು ಮಾತು ಎಂದರೆ ಎಷ್ಟುದ್ದ ಎಂದು ಡಾಕ್ಟರು ಕೇಳಿದರು. ಹೀಗೆ ಅವರಿಬ್ಬರೂ ಕೂಡಿ ಅಳತೆಗೋಲೊಂದನ್ನು ಹುಡುಕಿದರು. ‘ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ.’ ಬೆಳಿಗ್ಗೆ ಎದ್ದು ಒಂದೇ ಉಸಿರಿನಲ್ಲಿ ಈ ನಾಲ್ಕು ತಾಲ್ಲೂಕು ಹೇಳಬೇಕು. ಬಾಗೇವಾಡಿ ಮುಟ್ಟಿದರೆ ಅರ್ಧ ಗುಳಿಗೆ ಸಾಕು. ಮುದ್ದೇಬಿಹಾಳದಲ್ಲೇ ನಿಂತರೂ ಚಿಂತೆಯಿಲ್ಲ. ಸಿಂದಗಿ ದಾಟದಿದ್ದರೆ ಡಾಕ್ಟರ ಹತ್ತಿರ ಕರೆದುಕೊಂಡು ಬರಬೇಕು. ತಟ್ಟನೆ ಇಳಿಸದೆ, ಚೂರು ಚೂರಾಗಿ ಕಡಿಮೆ ಮಾಡುತ್ತ ಆ ಅರ್ಧಕ್ಕೆ ಬರಲು ಒಂದು ಸುಗ್ಗಿಯಿಂದ ಇನ್ನೊಂದು ಸುಗ್ಗಿ ಆಯಿತು.

ಇದರಲ್ಲಿಯೂ ಒಂದು ತಕರಾರು ಎದ್ದಿತು. ಅತ್ತೆಯವರ ತವರು ಇಂಡಿ ತಾಲ್ಲೂಕಿನ ಸಾಲೋಟಗಿ. ಇಂಡಿ ಹೇಳುವವರು ಹಾದಿಯಲ್ಲೇ ಇರುವ ಸಾಲೋಟಗಿಯನ್ನು ಯಾಕೆ ಬಿಡಬೇಕು ಎಂದು ಅವರಿಗೆ ಸಿಟ್ಟು. ಮಾವನವರು ಹೆಂಡತಿಯ ಮನಸ್ಸು ನೋಯಬಾರದೆಂದು ಒಂದು ದಿನ ಸಾಲೋಟಗಿಯನ್ನೂ ಸೇರಿಸಿದರು, ಬಾಗೇವಾಡಿಯ ‘ಬಾ’ದಲ್ಲಿ ಕೆಮ್ಮು ಹತ್ತಿತು. ನಾನು ಡಾಕ್ಟರಿಗೆ ಹೇಳಿದೆ. ಹೆಂಡತಿಯ ತವರಿಗಾಗಿ ಗುಳಿಗೆ ಹೆಚ್ಚು ಮಾಡುವ ಪದ್ಧತಿ ವೈದ್ಯಶಾಸ್ತ್ರದಲ್ಲಿ ಇಲ್ಲ ಎಂದು ಅವರು ನಗದೆಯೇ ಹೇಳಿ ಕಳಿಸಿದರು. ಅತ್ತೆಯವರು ಒಂದು ವಾರ ಮಾವನವರ ಜೊತೆ ಮಾತು ಬಿಟ್ಟರು. ಮನೆಯಲ್ಲಿ ಬಹಳ ದಿನಗಳ ಮೇಲೆ ಶಾಂತಿ ನೆಲೆಸಿತು.

ಮುಖ ನಿಧಾನವಾಗಿ ಇಳಿಯಿತು. ಕೆನ್ನೆಯ ಹಿಂದಿನಿಂದ ಹುಬ್ಬು ಮರಳಿ ಬಂದವು. ಸೊಸೆ ಸರಿಯಾಗಿ ಉಣ್ಣಲಿಕ್ಕೆ ಹಾಕುವುದಿಲ್ಲ ಎಂದು ಊರು ನನ್ನನ್ನು ಆಡಿಕೊಂಡಿತು. ಗೋಡೆಯ ಬಾಗಿಲನ್ನು ಅಣ್ಣತಮ್ಮಂದಿರು ತಾವೇ ಒಡೆದುಕೊಂಡರು. ಮೊದಲು ಅವರ ಕೋಳಿಗಳು ಹೋಗಿ ಬಂದವು, ಆಮೇಲೆ ಮುದುಕಿ, ಆಮೇಲೆ ನೀರಿನ ಕೊಡ.

ನ್ಯಾಯ ಮಾತ್ರ ನಿಂತಿತು. ಜಗಳ ಹಿಡಿದುಕೊಂಡು ಬಂದವರಿಗೆ ಮಾವನವರು, ಸಿಂದಗಿಯ ಕೋರ್ಟಿಗೆ ಹೋಗ್ರಿ, ನನ್ನ ಹತ್ತಿರ ಇರುವುದೇ ಇಷ್ಟು ಉಸಿರು, ಅದು ನಿಮ್ಮ ಎಮ್ಮೆಗಲ್ಲ ಎಂದು ಹೇಳಿಬಿಡುತ್ತಿದ್ದರು. ಬಂದವರಿಗೆ ಬೇಸರವಾಗುತ್ತಿತ್ತು. ತೀರ್ಪು ಅರ್ಧವಿದ್ದರೂ ಚಿಂತೆಯಿಲ್ಲ, ಹಿಂದಿನ ಹಾಗೆ ಒಂದೇ ಮಾತು ಹೇಳಿರಿ ಸಾಕು ಎಂದು ಬೇಡಿಕೊಂಡವರೂ ಇದ್ದರು. ಮಾವನವರು ಹುಬ್ಬೆತ್ತಿ ಒಮ್ಮೆ ನೋಡಿದರೆ ಬೇಡಿಕೊಂಡವರು ಎದ್ದು ಹೋಗುತ್ತಿದ್ದರು.

ಆ ಉಸಿರನ್ನೆಲ್ಲ ಅವರು ಖರ್ಚು ಮಾಡುತ್ತಿದ್ದದ್ದು ನನ್ನ ಮಗಳ ಮೇಲೆ. ಹಗಲೆಲ್ಲ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಗುಬ್ಬಿಯ ಕತೆ, ನರಿಯ ಕತೆ, ತಾವೇ ಹುಟ್ಟಿಸಿದ ಅರ್ಥವಿಲ್ಲದ ಕತೆ ಹೇಳುತ್ತಿದ್ದರು. ಎರಡು ಮಾತು ಹೇಳುವರು, ನಿಲ್ಲುವರು, ಉಸಿರೆಳೆದುಕೊಳ್ಳುವರು, ಮತ್ತೆ ಎರಡು ಮಾತು ಹೇಳುವರು. ಅವಳು ಅವರ ಬಾಯಿಯನ್ನೇ ನೋಡುತ್ತ ಕಾಯುತ್ತಿದ್ದಳು. ಒಂದು ಕತೆಯನ್ನೂ ಅವರು ನಡುವೆ ಬಿಡಲಿಲ್ಲ. ಮಳೆಗಾಲದಲ್ಲಿ ಎದೆ ಬಿಗಿದು ಒಂದು ಕತೆ ಮುಗಿಯಲು ವಾರ ಹಿಡಿದದ್ದುಂಟು, ಆದರೂ ಮುಗಿಸಿದರು.

ಮಗಳು ಮಾತು ಕಲಿತದ್ದು ಅವರಿಂದಲೇ. ಅವಳನ್ನು ಸಾಲಿಗೆ ಹಾಕಿದ ಮೇಲೆ ಮಾಸ್ತರರು ಒಂದು ದಿನ ನಮ್ಮ ಮನೆಯವರನ್ನು ಕರೆಸಿ, ಹುಡುಗಿಗೆ ಅಜ್ಜನ ದಮ್ಮು ಬಂದಿದೆ, ಎರಡು ಮಾತಿಗೊಮ್ಮೆ ನಿಂತು ಉಸಿರೆಳೆಯುತ್ತಾಳೆ, ಬೇಗ ತೋರಿಸಿರಿ ಎಂದರು. ನಾನು ಅದೇ ದಿನ ಸಿಂದಗಿಗೆ ಹೊತ್ತುಕೊಂಡು ಹೋದೆ. ಡಾಕ್ಟರು ಅವಳ ಎದೆಗೂ ಬೆನ್ನಿಗೂ ನಳಿಗೆ ಇಟ್ಟು ಬಹಳ ಹೊತ್ತು ಕೇಳಿದರು. ಆಮೇಲೆ ಒಂದು ಕತೆ ಹೇಳು ಎಂದರು. ಅವಳು ಗುಬ್ಬಿಯ ಕತೆ ಶುರು ಮಾಡಿದಳು. ಎರಡು ಮಾತು, ಒಂದು ಉಸಿರು. ಎರಡು ಮಾತು, ಒಂದು ಉಸಿರು. ಹೊರಗೆ ರೋಗಿಗಳು ಸಾಲಾಗಿ ಕೂತಿದ್ದರು. ಡಾಕ್ಟರು ಗಲ್ಲಕ್ಕೆ ಕೈ ಕೊಟ್ಟು ಕೊನೆಯವರೆಗೂ ಕೇಳಿ, ಎದೆಯಲ್ಲಿ ಏನೂ ಇಲ್ಲ ತಂಗಿ, ಔಷಧ ಬೇಡ ಎಂದು ಅವಳ ಕೈಗೆ ಒಂದು ಪೆಪ್ಪರಮೆಂಟು ಕೊಟ್ಟು ಕಳಿಸಿದರು.